ತೊಳೆದ ಕೈ



ನಿತ್ಯದ ಅಲ್ಪಕ್ರಿಯೆಗಳು ಪರರ ಮೇಲೆ ಬೀರುವ ಪ್ರಭಾವವನ್ನು ಕುರಿತು ಪರ್ಯಾಲೋಚಿಸಲು ಸೇರಿರುವ ಈ ಗೋಷ್ಠಿಗೆ ಆಶಯದ ಮಾತುಗಳನ್ನು ಆಡಬೇಕೆಂದು ಸಂಚಾಲಕರು ಕೇಳಿದಾಗ, ಸೇವೆ, ತ್ಯಾಗ, ಕರುಣೆ ಎಂಬ ಹಿರಿಯ ಮಾತುಗಳನ್ನು ಬದಿಗಿರಿಸಿ, ನಮ್ಮ ಶುಶ್ರೂಷಾ ವೃತ್ತಿಯಲ್ಲಿ ದಿನಕ್ಕೆ ಹತ್ತಾರು ಬಾರಿ ನಡೆಯುವ, ನಡೆಯಲೇಬೇಕಾದ, ಒಂದೇ ಒಂದು ಕೆಲಸವನ್ನು ಕುರಿತು ಮಾತನಾಡಬೇಕೆಂದು ನಿಶ್ಚಯಿಸಿದೆನು. ಅದು ಕೈ ತೊಳೆಯುವ ಕೆಲಸ.

ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ತರಬೇತಿ ಪಡೆಯುತ್ತಿದ್ದರು. 1846ರಲ್ಲಿ ಮೊದಲನೆಯ ವಿಭಾಗದಲ್ಲಿ ಹೆತ್ತ 4010 ತಾಯಂದಿರಲ್ಲಿ 459 ಮಂದಿ ತೀರಿಕೊಂಡರು. ಎರಡನೆಯದರಲ್ಲಿ 3754 ಮಂದಿಯಲ್ಲಿ 105. ಬಾಣಂತಿ ನಂಜೆಂದು ನಮ್ಮ ಹಳ್ಳಿಗಳವರು ಕರೆಯುವ ವ್ಯಾಧಿಯೇ ಇದಕ್ಕೆ ಮುಖ್ಯ ಕಾರಣವಾಗಿದ್ದಿತು. ಮೊದಲನೆಯ ವಿಭಾಗದ ಸರದಿಯ ದಿನ ಬಂದ ಗರ್ಭಿಣಿಯರು, ತಮ್ಮನ್ನು ಅಲ್ಲಿಗೆ ಕಳುಹಿಸಬೇಡಿರೆಂದು ಮೊಳಕಾಲೂರಿ ಅಂಗಲಾಚುತ್ತಿದ್ದರಂತೆ. ಪಂಡಿತರು ಗಾಳಿಯ ದೋಷವೆಂದರು. ಆದರೆ ಒಂದೇ ಮಾಡಿನ ಕೆಳಗಿನ ಎರಡು ವಿಭಾಗಗಳಿಗೆ ಗಾಳಿ ಬೇರೆಬೇರೆಯಾಗಿ ಬೀಸುವುದೆಂತು?

ಅಲ್ಲಿ ಸಹಾಯಕ ವೈದ್ಯನಾಗಿದ್ದ ಇಗ್ನಾಜ್ ಸೆಮ್ಮೆಲ್‌ವೈಸನ ಮಿತ್ರ ಕೊಲೆಚ್ಕಾ ಎಂಬ ಪ್ರಾಧ್ಯಾಪಕನು 1847ರ ಮಾರ್ಚಿನಲ್ಲಿ, ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ತಗುಲಿ ಗಾಯಗೊಂಡು ಮೃತನಾದನು. ಅವನ ದೇಹದಲ್ಲಿ ಕಂಡ ವಿಕಾರಗಳು ಬಾಣಂತಿಯರಲ್ಲಿ ಕಂಡವುಗಳನ್ನೇ ಹೋಲುತ್ತಿದ್ದವು. ಶವಾಗಾರದಿಂದ ನೇರವಾಗಿ ಹೆರಿಗೆಯ ಕೋಣೆಗೆ ಬರುತ್ತಿದ್ದ ವಿದ್ಯಾರ್ಥಿಗಳ ಕೈಗಳೇ ಮೃತ್ಯುವನ್ನು ಹೊತ್ತು ತರುತ್ತಿದ್ದವೆಂಬ ಅರಿವು ಸೆಮ್ಮೆಲ್‌ವೈಸನಿಗಾದುದು ಆಗ. ಆ ಕೈಗಳಲ್ಲಿ ಅವನ ಕೈಗಳೂ ಇದ್ದವು. ಮೇ ತಿಂಗಳಿನಲ್ಲಿ ಬಾಗಿಲ ಬಳಿ ಬೋಗುಣಿಯನ್ನಿರಿಸಿ, ನಾವಿಂದು ಬ್ಲೀಚಿಂಗ್ ಪುಡಿ ಎನ್ನುವ ಸುಣ್ಣವನ್ನು ಕದಡಿದ ನೀರಿನಲ್ಲಿ ಎಲ್ಲರೂ ಕೈ ತೊಳೆದೇ ಒಳಗೆ ಬರಬೇಕೆಂದು ವಿಧಿಸಿದನು. ಏಪ್ರಿಲಿನಲ್ಲಿ ನೂರಕ್ಕೆ ಹದಿನೆಂಟನ್ನು ಮೀರಿದ್ದ ಮರಣ, ಜೂನಿನಲ್ಲಿ ಎರಡರ ಸಮೀಪಕ್ಕೆ ಇಳಿಯಿತು.

ಈ ಕಥೆ ತಮಗೆ ಪಾಠದ ಪುಸ್ತಕಗಳಿಂದ ತಿಳಿದಿರುತ್ತದೆ. ನನ್ನನ್ನು ಹೆಚ್ಚು ಕಾಡುವುದು ಅದೇ ವರ್ಷದ ಅಕ್ಟೋಬರಿನಲ್ಲಿ ನಡೆದುದು. ಗರ್ಭಾಶಯದ ಅರ್ಬುದದಿಂದ ನರಳುತ್ತಿದ್ದ ಹೆಂಗಸೊಬ್ಬಳನ್ನು ಪರೀಕ್ಷೆ ಆರಂಭವಾಗುವ ಮೊದಲ ಮಂಚದಲ್ಲಿ ಮಲಗಿಸಿದ್ದರು. ಬಾಗಿಲಲ್ಲಿ ಸುಣ್ಣದ ನೀರಿನಿಂದ ಕೈ ತೊಳೆದಾಗಿದ್ದುದರಿಂದ, ಅವಳನ್ನು ನೋಡಿ ಮುಂದಿನ ಮಂಚಕ್ಕೆ ಹೋಗುವಾಗ ಬರಿಯ ಸಾಬೂನು ಸಾಕೆಂದು ಎಲ್ಲರೂ ಎಣಿಸಿದ್ದರು. ಆ ಸಾಲಿನಲ್ಲಿ ಆಗ ಹೆತ್ತ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು. ದುಷ್ಟರಾರೂ ಅಲ್ಲಿರಲಿಲ್ಲ, ಅಲಸಿಗಳೂ ಇರಲಿಲ್ಲ. ಇದ್ದುದು ಒಂದು ಮಂಚಕ್ಕೂ ಇನ್ನೊಂದು ಮಂಚಕ್ಕೂ ನಡುವಣ ನಾಲ್ಕು ಹೆಜ್ಜೆ ಮಾತ್ರ. ಅಂದಿನಿಂದ ಒಂದು ಮಂಚಕ್ಕೂ ಇನ್ನೊಂದಕ್ಕೂ ನಡುವೆಯೂ ಸುಣ್ಣದ ನೀರಿನಿಂದಲೇ ಕೈ ತೊಳೆಯುವುದು ಅಲ್ಲಿಯ ನಿಯಮವಾಯಿತು.

ಇಷ್ಟಾದರೂ ಸೆಮ್ಮೆಲ್‌ವೈಸನು ವಿಯೆನ್ನಾದಲ್ಲಿ ನೆಲೆಗೊಳ್ಳಲಿಲ್ಲ. ತನ್ನ ಮಾತನ್ನು ಒಪ್ಪದ ವಿರೋಧಿಗಳನ್ನು ಬಹಿರಂಗ ಪತ್ರಗಳಲ್ಲಿ ಕಟುವಾಗಿ ಖಂಡಿಸಿ, ಕಡೆಗೆ 1865ರಲ್ಲಿ ಮಾನಸಿಕ ರೋಗಿಗಳ ಆಶ್ರಮವೊಂದರಲ್ಲಿ ತನ್ನ 47ನೆಯ ವಯಸ್ಸಿನಲ್ಲಿ ಗಾಯದ ನಂಜಿನಿಂದಲೇ ಅಸುನೀಗಿದನು. ಸತ್ಯವು ಅವನ ಪಕ್ಷದಲ್ಲಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆಜ್ಞೆಯಾಗಿ ಬಂದ ನಡತೆ ಆಜ್ಞಾಪಿಸಿದವನ ಕಣ್ಣಿರುವವರೆಗೆ ನಡೆದೀತು; ಕಂಡು ಕಲಿತುದು ಮಾತ್ರ ಕಲಿತವರೊಡನೆ ಊರೂರಿಗೆ ಹೋಗುತ್ತದೆ ಎಂದು ನನ್ನ ಭಾವನೆ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು, 15,000ಕ್ಕೂ ಮಿಕ್ಕ ಹೆರಿಗೆಗಳನ್ನು ಮಾಡಿಸಿ 2018ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದವರು, ತಮ್ಮ ವಿದ್ಯೆಯನ್ನು ಕಲಿತದ್ದು ಯಾವ ಶಾಲೆಯಲ್ಲಿಯೂ ಅಲ್ಲ, ಅಜ್ಜಿಯ ಪಕ್ಕದಲ್ಲಿ.

ನಾನು ಹೆರಿಗೆ ವಾರ್ಡಿಗೆ ಹೊಸಬನಾಗಿ ಸೇರಿದಾಗ ಅಲ್ಲಿ ಹಿರಿಯ ಸಿಸ್ಟರ್ ಒಬ್ಬರಿದ್ದರು. ಒಬ್ಬ ಬಾಣಂತಿಯಿಂದ ಇನ್ನೊಬ್ಬಳ ಬಳಿಗೆ ಹೋಗುವ ಮುನ್ನ ತಪ್ಪದೆ ಕೈ ತೊಳೆದು, ನೀರು ಮೊಳಕೈಯತ್ತ ಇಳಿಯಲೆಂದು ಬೆರಳುಗಳನ್ನು ಮೇಲೆತ್ತಿ ಹಿಡಿದು ಕ್ಷಣಕಾಲ ನಿಲ್ಲುತ್ತಿದ್ದರು. ಯಾರಿಗೂ ಅವರು ಉಪದೇಶಿಸಿದುದನ್ನು ನಾನು ಕೇಳಲಿಲ್ಲ. ಅವರು ನಿಂತಾಗ ರೌಂಡ್ಸ್ ನಿಲ್ಲುತ್ತಿದ್ದಿತು; ಸುಮ್ಮನೆ ಕಾದು ನಿಲ್ಲಲಾರದೆ ನಾವೂ ಒಬ್ಬೊಬ್ಬರಾಗಿ ನಲ್ಲಿಗೆ ಕೈಯೊಡ್ಡಿದೆವು. ವರ್ಷಗಳ ಅನಂತರ ನಾನೇ ಹಿರಿಯನಾಗಿದ್ದಾಗ, ಒಂದು ಸಂಜೆ ಅವಸರದಲ್ಲಿ ತೊಳೆಯದೆ ಮುಂದಿನ ಮಂಚಕ್ಕೆ ಹೋದೆನು. ಹಿಂದಿದ್ದ ಐವರೂ ಹಾಗೆಯೇ ಬಂದರು. ಹಿಂತಿರುಗಿ ನೋಡಿದಾಗ ಆ ಐದು ಜೊತೆ ಒಣ ಕೈಗಳನ್ನು ಕಂಡು ನನಗಾದ ಸಂಕಟ ಇನ್ನೂ ಆರಿಲ್ಲ.

ಆದುದರಿಂದ ಈ ಗೋಷ್ಠಿಯಲ್ಲಿ ತಾವು ಸಿದ್ಧಾಂತಗಳನ್ನು ಚರ್ಚಿಸುವಾಗ, ತಮ್ಮ ತಮ್ಮ ವಾರ್ಡಿನಲ್ಲಿ ಮಂಚದಿಂದ ನಲ್ಲಿಗೆ ಎಷ್ಟು ಹೆಜ್ಜೆ, ಮಧ್ಯಾಹ್ನದ ಮೇಲೆ ಅದರಲ್ಲಿ ನೀರು ಬರುವುದೆ, ಸಾಬೂನು ಬೀಗದೊಳಗಿದೆಯೆ ಹೊರಗಿದೆಯೆ ಎಂಬುದನ್ನೂ ದಯವಿಟ್ಟು ಚರ್ಚೆಗೆ ತನ್ನಿರಿ. ನೀರಿಲ್ಲದೆಡೆ ಒಳ್ಳೆಯ ನಡತೆಯನ್ನು ಬೋಧಿಸುವುದು ಅನ್ಯಾಯವಾದೀತು.

ಕೆಲವು ವರ್ಷಗಳ ಹಿಂದೆ ದೂರದ ತಾಲ್ಲೂಕು ಆಸ್ಪತ್ರೆಯೊಂದಕ್ಕೆ ಹೋಗಿದ್ದೆನು. ಅಲ್ಲಿ ತರಬೇತಿಯಲ್ಲಿದ್ದ ಹುಡುಗಿಯೊಬ್ಬಳು ಕೈ ತೊಳೆದು, ಬೆರಳುಗಳನ್ನು ಅದೇ ರೀತಿ ಮೇಲೆತ್ತಿ ನಿಂತಿದ್ದಳು. ಆ ಹಿರಿಯ ಸಿಸ್ಟರ್ ತೀರಿಕೊಂಡು ಅದಾಗಲೇ ಬಹುಕಾಲವಾಗಿದ್ದಿತು. ಈ ಹುಡುಗಿ ಅವರ ಹೆಸರನ್ನು ಸಹ ಕೇಳಿರಲಿಲ್ಲ. ಹೀಗೆ ನಿಲ್ಲುವುದನ್ನು ಯಾರು ಕಲಿಸಿದರಮ್ಮ ಎಂದೆನು. “ಯಾರೂ ಕಲಿಸಿಲ್ಲ ಸಾರ್, ನಮ್ಮ ಸಿಸ್ಟರ್ ಹೀಗೇ ನಿಲ್ತಾರೆ” ಎಂದಳು.