ಬರೆದದ್ದನ್ನೇ ಹೇಳುವ ಯಂತ್ರ
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಟ್ರ್ಯಾಕ್ಟರು ಕೊಂಡವರಿಗೆಲ್ಲ ಅದರ ನಂಬರು ಬಾಯಿಪಾಠವಾಗಿರುತ್ತದೆ. ಆದರೆ ಸರ್ಕಾರದ ಲೆಕ್ಕದಲ್ಲಿ ಆ ನಂಬರಿನ ಎದುರಿಗೆ ಯಾರ ಹೆಸರಿದೆ? ಕೊಂಡವರದೋ, ಮಾರಿದವರದೋ, ತೀರಿಹೋದ ತಂದೆಯವರದೋ? ಈ ಲೆಕ್ಕ ಈಗ ಕಂಪ್ಯೂಟರಿನಲ್ಲಿದೆ. ಆದ್ದರಿಂದ ಈ ಪ್ರಶ್ನೆಯನ್ನು ಹಗುರವಾಗಿ ನೋಡತಕ್ಕದ್ದಲ್ಲ. ನಮಗಿಂತ ಬಹಳ ಮೊದಲೇ ಈ ಕೆಲಸ ಕೈಗೊಂಡ ಬ್ರಿಟನ್ನಿನ ಸಂಗತಿಯನ್ನು ಕೇಳಿದರೆ ವಿಷಯ ಚೆನ್ನಾಗಿ ತಿಳಿಯುತ್ತದೆ.

ಆ ದೇಶದಲ್ಲಿ 1903ರ ಕಾಯಿದೆಯಂತೆ, 1904ರ ಜನವರಿ 1ರಿಂದ ಮೋಟಾರು ವಾಹನಗಳಿಗೆ ನಂಬರು ಕಡ್ಡಾಯವಾಯಿತು. ರಿಜಿಸ್ಟರು ಇಡುವ ಕೆಲಸ ಕೌಂಟಿಗಳ ಮತ್ತು ದೊಡ್ಡ ಪಟ್ಟಣಗಳ ಆಡಳಿತಕ್ಕೆ ಬಂತು. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದಂತೆ. ಹೀಗೆ ನೂರಕ್ಕೂ ಹೆಚ್ಚು ಕಚೇರಿಗಳಲ್ಲಿ ಬೇರೆ ಬೇರೆ ದಫ್ತರಗಳು ಬೆಳೆದವು. ವಾಹನಗಳು ಕಡಿಮೆ ಇದ್ದಾಗ ಇದು ನಡೆಯಿತು. ಅವು ಲಕ್ಷಗಟ್ಟಲೆ ಆದ ಮೇಲೆ ತೊಡಕಾಯಿತು. ಒಂದು ವಾಹನ ಯಾರಿಗೋ ಡಿಕ್ಕಿ ಹೊಡೆದು ಓಡಿಹೋಯಿತೆನ್ನಿ. ನಂಬರಿನ ಅಕ್ಷರದಿಂದ ಅದು ಮೊದಲು ಯಾವ ಊರಿನದೆಂದು ತಿಳಿಯುತ್ತಿತ್ತು. ಅದು ಕೈಬದಲಾಗಿ ಬೇರೆ ಕೌಂಟಿಗೆ ಹೋಗಿದ್ದರೆ, ಪೊಲೀಸರು ಕಚೇರಿಯಿಂದ ಕಚೇರಿಗೆ ವಿಚಾರಿಸುತ್ತ ಹೋಗಬೇಕಾಗಿತ್ತು.

ಆದಕಾರಣ ಎಲ್ಲ ಲೆಕ್ಕವನ್ನೂ ಒಂದೇ ಕಡೆ ಕಂಪ್ಯೂಟರಿಗೆ ಏರಿಸಬೇಕೆಂದು 1960ರ ದಶಕದಲ್ಲಿ ಅಲ್ಲಿಯ ಸರ್ಕಾರ ನಿರ್ಧರಿಸಿತು. ವೇಲ್ಸ್ ಪ್ರಾಂತದ ಸ್ವಾನ್ಸಿ ಪಟ್ಟಣದಲ್ಲಿ ಕೇಂದ್ರ ಕಚೇರಿ ಏರ್ಪಟ್ಟಿತು. 1973ರಿಂದ ಚಾಲಕರ ಲೈಸೆನ್ಸು, 1974ರ ಅಕ್ಟೋಬರಿನಿಂದ ಹೊಸ ವಾಹನಗಳ ನೋಂದಣಿ ಅಲ್ಲಿಂದಲೇ ನಡೆಯತೊಡಗಿದವು. ಇದರಿಂದ ಜನರಿಗೆ ಉಪಯೋಗವೂ ಆಯಿತು. ಮೊದಲು ಮೂರು ವರ್ಷಕ್ಕೊಮ್ಮೆ ಲೈಸೆನ್ಸು ಹೊಸದು ಮಾಡಿಸಬೇಕಾಗಿತ್ತು. 1976ರಿಂದ 70 ವರ್ಷ ವಯಸ್ಸಿನವರೆಗೆ ನಡೆಯುವ ಲೈಸೆನ್ಸು ದೊರೆಯಿತು.

ಇನ್ನು ಮುಖ್ಯವಾದ ಮಾತು. ಹಳೆಯ ವಾಹನಗಳ ಲೆಕ್ಕ ತಾನಾಗಿ ಯಂತ್ರದೊಳಕ್ಕೆ ಹೋಗಲಿಲ್ಲ. ಮನುಷ್ಯರೇ ಕುಳಿತು ಅದನ್ನು ಏರಿಸಬೇಕಾಗಿತ್ತು. ರಸ್ತೆಯಲ್ಲಿ ಓಡುತ್ತಿದ್ದ ವಾಹನಗಳು ತೆರಿಗೆ ಕಟ್ಟುವಾಗ ಲೆಕ್ಕಕ್ಕೆ ಸೇರಿದವು. ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಿದ್ದವು ಹೊರಗುಳಿದವು. 1983ರ ನವೆಂಬರ್ 30 ಕಡೆಯ ದಿನವೆಂದು ಸರ್ಕಾರ ಗೊತ್ತುಮಾಡಿತು. ಅಷ್ಟರೊಳಗೆ ಬರೆಸದವರ ಹಳೆಯ ನಂಬರು ಲೆಕ್ಕದಿಂದ ತಪ್ಪಿಹೋಯಿತು. ವಾಹನ ಕಣ್ಣೆದುರಿಗೇ ಇದೆ, ಯಂತ್ರದ ಪಾಲಿಗೆ ಅದು ಇಲ್ಲ! ಮುಂದೆ ಹಳೆಯ ನಂಬರನ್ನು ಮರಳಿ ಪಡೆಯಲು ದಾರಿಯಾಯಿತು, ನಿಜ. ಆದರೆ ಅದಕ್ಕೆ ಹಳೆಯ ದಾಖಲೆ ತೋರಿಸಬೇಕಾಗಿತ್ತು. ಕೌಂಟಿಗಳ ಎಷ್ಟೋ ರಿಜಿಸ್ಟರುಗಳು ಅಷ್ಟರಲ್ಲಿ ನಾಶವಾಗಿದ್ದವು. ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡವರೇ ಗೆದ್ದರು.

ಬಂಧುಗಳೇ, ಕಣಜಕ್ಕೆ ರಾಗಿ ಸುರಿದರೆ ರಾಗಿ ಬರುತ್ತದೆ, ಹೊಟ್ಟು ಸುರಿದರೆ ಹೊಟ್ಟೇ ಬರುತ್ತದೆ. ಕಂಪ್ಯೂಟರೂ ಹಾಗೆಯೇ. ನಮ್ಮ ದೇಶದಲ್ಲಿ ವಾಹನಗಳ ಲೆಕ್ಕಕ್ಕೆ 'ವಾಹನ್' ಎಂದೂ ಚಾಲಕರ ಲೆಕ್ಕಕ್ಕೆ 'ಸಾರಥಿ' ಎಂದೂ ಹೆಸರಿದೆ. ನೀವು ಟ್ರ್ಯಾಕ್ಟರು ಮಾರಿ ಹಣ ಎಣಿಸಿಕೊಂಡದ್ದು ಊರಿಗೆಲ್ಲ ಗೊತ್ತಿರಬಹುದು, ಆದರೆ ಬರೆಸದಿದ್ದರೆ ಯಂತ್ರಕ್ಕೆ ಗೊತ್ತಿಲ್ಲ. ಮಾರಿದ ವಾಹನದಿಂದ ಅಪಘಾತವಾದರೆ ಹೊಣೆ ಯಾರದು? ರಿಜಿಸ್ಟರಿನಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಆ ಮೊಕದ್ದಮೆಯಲ್ಲಿ ಕಾರು ಹಲವು ಕೈ ಬದಲಾಗಿತ್ತು, ಹೆಸರು ಮಾತ್ರ ಮೊದಲಿನವರದೇ ಉಳಿದಿತ್ತು. ಪರಿಹಾರದ ಹೊಣೆ ಅವರ ಮೇಲೆಯೇ ಬಂತು. ಇಂಥ ಹೊರೆ ರೈತನ ಮೇಲೆ ಬಿದ್ದರೆ ಹೊಲ ಉಳಿದೀತೆ?

ಆದ್ದರಿಂದ ನಾವು ಮಾಡತಕ್ಕ ಕೆಲಸಗಳು ಇವು:

ಒಂದು: ರಾಜ್ಯದೊಳಗೇ ವಾಹನ ಮಾರಿದರೆ, ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಇದಕ್ಕೆ ನಮೂನೆ 29 ಮತ್ತು 30 ಇವೆ. ಬರಿಯ ಕೈಬರಹದ ಕರಾರುಪತ್ರ ಸಾಲದು.

ಎರಡು: ಮಾಲೀಕರು ತೀರಿಕೊಂಡರೆ ವಾರಸುದಾರರು 30 ದಿನದೊಳಗೆ ತಿಳಿಸಿ, ಮೂರು ತಿಂಗಳೊಳಗೆ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು.

ಮೂರು: ಸಾಲದ ಮೇಲೆ ಕೊಂಡ ಟ್ರ್ಯಾಕ್ಟರಾದರೆ, ಸಾಲ ತೀರಿದೊಡನೆ ಬ್ಯಾಂಕಿನಿಂದ ನಮೂನೆ 35 ಪಡೆದು, ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು.

ನಾಲ್ಕು: ಹಳೆಯ ಆರ್‌ಸಿ, ಹಳೆಯ ಲೈಸೆನ್ಸಿನ ಪುಸ್ತಕ, ರಸೀತಿಗಳನ್ನು ಎಸೆಯಬೇಡಿ. ಪಹಣಿ ಇಡುವ ಪೆಟ್ಟಿಗೆಯಲ್ಲೇ ಇವನ್ನೂ ಇಡಿ.

ಮನೆಯಲ್ಲಿ ಓದುಬರಹ ಬಲ್ಲ ಮಗನೋ ಮಗಳೋ ಇದ್ದರೆ, ಸರ್ಕಾರದ 'ಪರಿವಾಹನ್' ತಾಣದಲ್ಲಿ ನಿಮ್ಮ ನಂಬರು ಹಾಕಿ ನೋಡಲು ಹೇಳಿ. ಯಂತ್ರದಲ್ಲಿರುವುದಕ್ಕೂ ಕೈಯಲ್ಲಿರುವ ಕಾಗದಕ್ಕೂ ವ್ಯತ್ಯಾಸ ಕಂಡರೆ ಸಾರಿಗೆ ಕಚೇರಿಗೆ ಹೋಗಿ ಕೂಡಲೇ ಸರಿಪಡಿಸಿಕೊಳ್ಳಿ. ಬಿತ್ತನೆಗೆ ಮುಂಚೆ ಬೀಜವನ್ನು ಕೈಯಲ್ಲಿ ಹಿಡಿದು ನೋಡುವವರು ನಾವು. ನಮ್ಮ ಹೆಸರನ್ನೂ ಹಾಗೆಯೇ ಒಮ್ಮೆ ನೋಡಿಕೊಳ್ಳೋಣ.