ಎಲ್ಲ ಕೀಲುನೋವೂ ವಾಯುವಲ್ಲ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಮಂಡಿ ಹಿಡಿದರೂ ಸೊಂಟ ಹಿಡಿದರೂ ಹೆಬ್ಬೆರಳು ಊದಿದರೂ ಹಿರಿಯರದು ಒಂದೇ ಮಾತು: “ವಾಯು ಕಣಪ್ಪ.” ಆ ಒಂದು ಹೆಸರಿನೊಳಗೆ ಬೇರೆ ಬೇರೆ ಕಾಯಿಲೆಗಳು ಅಡಗಿ ಕೂತಿವೆ.

ಒಂದು, ಗೌಟ್. ಇದನ್ನು ಹೋಲುವ ಬೇನೆಗೆ ಚರಕ ಸಂಹಿತೆ ಕೊಟ್ಟ ಹೆಸರು ವಾತರಕ್ತ. ಮೈ ದಣಿಯದ ಸುಕುಮಾರರಿಗೆ ಬರುವುದು ಎಂದು ಅದರ ಲೆಕ್ಕ. 1848ರಲ್ಲಿ ಲಂಡನ್ನಿನ ವೈದ್ಯ ಆಲ್ಫ್ರೆಡ್ ಗ್ಯಾರಡ್, ಇಂಥ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿರುವುದನ್ನು ತೋರಿಸಿದ. ಆ ಆಮ್ಲ ಸೂಜಿಯಂಥ ಹರಳಾಗಿ ಕೀಲಿನಲ್ಲಿ ಕೂತರೆ, ಮಲಗಿದ್ದವರು ನಡುರಾತ್ರಿ ಕಿರುಚಿ ಏಳುತ್ತಾರೆ. ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದಿಕೆ ತಾಕಿದರೂ ತಡೆಯಲಾಗದು. ಇದಕ್ಕೆ ಒಳ್ಳೆಯ ಮಾತ್ರೆಗಳಿವೆ.

ಆದರೆ ಬಾಳೆಲ್ಲ ಕೂಲಿ ಮಾಡಿ, ಮುದ್ದೆ ಸಾರು ಉಂಡವರ ಬೆನ್ನು ಕೊರಡಿನಂತೆ ಸೆಟೆಯುವುದೇಕೆ? ಅದರ ಬೇರು ನೀರಿನಲ್ಲಿರಬಹುದು. 1937ರಲ್ಲಿ ನೆಲ್ಲೂರು ಜಿಲ್ಲೆಯ ಹಳ್ಳಿಗರಲ್ಲಿ ವೈದ್ಯರು, ನೀರಿನ ಫ್ಲೋರೈಡ್ ಅತಿಯಾಗಿ ಮೈಸೇರಿ ಬರುವ ಫ್ಲೋರೋಸಿಸ್ ಗುರುತಿಸಿದರು. ಭಾರತದಲ್ಲಿ ಮನುಷ್ಯರ ಬಗ್ಗೆ ಅದೇ ಮೊದಲ ವರದಿ. ನಮ್ಮ ಈ ನಾಲ್ಕು ತಾಲ್ಲೂಕುಗಳೂ ಕಗ್ಗಲ್ಲಿನ ಬಯಲುಸೀಮೆ. ಕಲ್ಲಿನೊಳಗಿನ ಫ್ಲೋರೈಡ್ ನಿಧಾನವಾಗಿ ನೀರಿಗೆ ಕರಗುತ್ತದೆ. ಕೆರೆ, ತೆರೆದ ಬಾವಿ ಬತ್ತಿದಂತೆ ಬೋರು ಆಳಕ್ಕಿಳಿಯಿತು. ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರು ಕೊಡಕ್ಕೆ ಬಂತು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೀರಿದ ನೀರು ಮೊದಲು ಮಕ್ಕಳ ಹಲ್ಲಿಗೆ ಕಂದು ಕಲೆ ಬರೆಯುತ್ತದೆ, ವರ್ಷಗಳು ಕಳೆದಂತೆ ಕುತ್ತಿಗೆ, ಸೊಂಟ ಹಿಡಿಯುತ್ತದೆ. ಬಿಸಿಲಲ್ಲಿ ದುಡಿವವರು ಚೊಂಬುಗಟ್ಟಲೆ ಕುಡಿಯುತ್ತಾರಲ್ಲ, ಅವರಿಗೇ ಹೆಚ್ಚು. ಗೌಟ್ ಉಳ್ಳವರ ಕಾಯಿಲೆಯೆಂದು ಹೆಸರಾಯಿತು. ಫ್ಲೋರೋಸಿಸ್ ಬೆವರು ಸುರಿಸುವವರ ಬೆನ್ನು ಹತ್ತಿತು. ಅನ್ಯಾಯವೆಂದರೆ ಇದೇ.

ಸೆಟೆದ ಮೂಳೆಯನ್ನು ಮೊದಲಿನಂತೆ ಮಾಡುವ ಮದ್ದಿಲ್ಲ. ಹಾಗಾಗಿ ನೀರನ್ನೇ ಸರಿಪಡಿಸಬೇಕು. ಕುದಿಸಿದರೆ ಫ್ಲೋರೈಡ್ ಹೋಗದು, ಇನ್ನೂ ಸಾಂದ್ರವಾಗುತ್ತದೆ. 1970ರ ದಶಕದಲ್ಲಿ ನಾಗಪುರದ ನೀರಿ ಸಂಸ್ಥೆ, ಪಟಿಕ ಮತ್ತು ಸುಣ್ಣ ಬೆರೆಸಿ ಅದನ್ನು ತೆಗೆಯುವ ನಲ್ಗೊಂಡ ವಿಧಾನ ರೂಪಿಸಿತು. ಈಗ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳು ನಿಂತಿವೆ. ಕೆಟ್ಟು ನಿಂತವೂ ಉಂಟು.

ಕೀಲು ನೋಯುತ್ತಿದ್ದರೆ ನೋವಿನ ಮಾತ್ರೆ ನುಂಗಿ ಸುಮ್ಮನಾಗಬೇಡಿ. ವೈದ್ಯರ ಬಳಿ ಹೋಗುವಾಗ ಯಾವ ಬೋರಿನ ನೀರು ಕುಡಿಯುತ್ತೀರಿ, ಎಷ್ಟು ವರ್ಷದಿಂದ ಎಂದು ತಪ್ಪದೆ ಹೇಳಿ. ಆ ನೀರಿನ ಪರೀಕ್ಷೆ ಯಾವಾಗ ಆಗಿತ್ತು ಎಂದು ಪಂಚಾಯಿತಿಯಲ್ಲೂ ಕೇಳಿ.