ಲೇಡಿ ಮ್ಯಾಕ್‌ಬೆತ್: ಬರಿದಾದ ಮಡಿಲು

ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ಓದಿದವರಿಗೆ ನೆನಪಿರಬಹುದು: ಮೂರನೆಯ ಅಂಕದ ಔತಣಕೂಟದಲ್ಲಿ ಗಂಡನ ಭ್ರಾಂತಿಯನ್ನು ಮುಚ್ಚಿಡಲು ಹೆಣಗುವ ಲೇಡಿ ಮ್ಯಾಕ್‌ಬೆತ್ ಮತ್ತೆ ಕಾಣಿಸಿಕೊಳ್ಳುವುದು ಐದನೆಯ ಅಂಕದಲ್ಲಿ, ನಿದ್ದೆಯಲ್ಲಿ ನಡೆದಾಡುತ್ತ, ಕೈ ತೊಳೆಯುವಂತೆ ಉಜ್ಜಿಕೊಳ್ಳುತ್ತ. ನಡುವೆ ಏನಾಯಿತು? ಕವಿ ಹೇಳುವುದಿಲ್ಲ. ಮಗುವಿಗೆ ಹಾಲೂಡಿದ್ದೇನೆಂದು ಆಕೆಯೇ ಒಮ್ಮೆ ಹೇಳುತ್ತಾಳೆ. ಆ ಮಗು ನಾಟಕದಲ್ಲೆಲ್ಲಿಯೂ ಇಲ್ಲ. ಆಕೆಗೆ ಮಕ್ಕಳೆಷ್ಟು ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ, ವಿಮರ್ಶಕ ಎಲ್. ಸಿ. ನೈಟ್ಸ್ 1933ರಲ್ಲಿ ಅಂಥ ಕುತೂಹಲವನ್ನು ಗೇಲಿ ಮಾಡಿದರು.

1957ರಲ್ಲಿ ಜಪಾನಿನ ಅಕಿರ ಕುರೊಸಾವ ಈ ನಾಟಕವನ್ನಾಧರಿಸಿ ‘ಥ್ರೋನ್ ಆಫ್ ಬ್ಲಡ್’ ಚಿತ್ರ ತೆಗೆದರು. ಅಲ್ಲಿ ಆಕೆಯ ಹೆಸರು ಅಸಾಜಿ. ನೋ ನಾಟಕದ ಮುಖವಾಡದಂತೆ ನಿಶ್ಚಲವಾದ ಮುಖ. ಗೆಳೆಯನ ಮಗನನ್ನು ಉತ್ತರಾಧಿಕಾರಿಯಾಗಿಸಲು ಗಂಡ ಹೊರಟಾಗ, ತಾನು ಗರ್ಭಿಣಿಯೆಂದು ತಿಳಿಸುತ್ತಾಳೆ. ಆ ಒಂದು ಮಾತು ಗೆಳೆಯನ ಕೊಲೆಗೆ ದಾರಿಯಾಗುತ್ತದೆ. ಕೂಸು ಸತ್ತೇ ಹುಟ್ಟುತ್ತದೆ. ಆಕೆ ಕೈ ತೊಳೆಯತೊಡಗುವುದು ಆ ಬಳಿಕ.

ಇದು ಮೂಲದಲ್ಲಿಲ್ಲದ ಕಥೆ, ನಿಜ. ಆದರೆ ಚಿತ್ರವನ್ನು ಕಂಡು ನಾಟಕಕ್ಕೆ ಮರಳಿದರೆ, ಕಿರೀಟಕ್ಕೆ ಸಂತಾನವಿಲ್ಲವೆಂಬ ಮ್ಯಾಕ್‌ಬೆತ್‌ನ ಕೊರಗು ಅವನೊಬ್ಬನದಲ್ಲವೆಂದು ಹೊಳೆಯುತ್ತದೆ. ಪಾಪಭೀತಿಯನ್ನಷ್ಟೇ ಕಂಡಿದ್ದ ಆ ಕೈಗಳಲ್ಲಿ ತಾಯಿಯೊಬ್ಬಳ ಶೋಕವೂ ಕಾಣುತ್ತದೆ. ಕ್ರೂರಿಯೆಂದು ನಾವು ದೂರವಿಟ್ಟವಳ ಬಗೆಗೆ ಕರುಣೆ ಮೂಡಿಸುವುದೇ ಈ ಚಿತ್ರದ ಉಪಕಾರ.